ಎರಡೂ ಕಡೆಯ ಗಾಳಿ

ಕರಿಬಂಡೆಯ ದಂಡೆಗೆ ಕಚ್ಚಿಕೊಂಡ ಕಾಂಕ್ರೀಟು ಪೆಟ್ಟಿಗೆ,
ಕಡಲ ಕಡೆ ಬಾಯಿ, ಬೆನ್ನಿಗೊಂದು ಮೂಗು.
ಅಲೆ ಒಳನುಗ್ಗಿದರೆ ಗಾಳಿ ಹೊರಕ್ಕೆ,
ಅಲೆ ಜಾರಿದರೆ ಗಾಳಿ ಒಳಕ್ಕೆ.
ಆ ಹೊಳ್ಳೆಯಲ್ಲಿ ಕೂತಿದೆ ನನ್ನ ಟರ್ಬೈನು,
ಎಂಟು ಅಲಗು.

ಗಾಳಿಗೊಂದು ದಿಕ್ಕಿದೆಯೆಂದು ನಂಬಿ
ಗಿರಣಿ ಕಟ್ಟಿದವರು ಪುಣ್ಯವಂತರು.
ಇಲ್ಲಿ ಅದು ಐದೈದು ಸೆಕೆಂಡಿಗೆ ಮಾತು ಬದಲಿಸುತ್ತದೆ.
ಅದಕ್ಕೇ ಈ ಅಲಗಿಗೆ ಹೊಟ್ಟೆಯಿಲ್ಲ, ಬೆನ್ನಿಲ್ಲ,
ಎರಡೂ ಕೆನ್ನೆ ಒಂದೇ ಸಮ.
ಎತ್ತಣಿಂದ ಬೀಸಿದರೂ ತಿರುಗುವುದು ಒಂದೇ ಕಡೆ.
‘ನನ್ನ ಗಂಡನ ಹಾಗೆ’ ಅಂದಳು
ಊಟ ತಂದಿಟ್ಟ ಜುಲ್ಮೀರಾ,
‘ಹೂಂ ಅಂದರೂ ಹೆಂಡದಂಗಡಿಗೆ,
ಊಹೂಂ ಅಂದರೂ ಹೆಂಡದಂಗಡಿಗೆ.’

ಲಿಸ್ಬನ್ನಿನ ಲ್ಯಾಬಿನಲ್ಲಿ, ಅಮ್ಮನ ಹಳೆಯ ಸ್ವೆಟರು ಬಿಚ್ಚಿ,
ಅಲಗಿನ ಮೈತುಂಬ ಕೆಂಪು ಉಣ್ಣೆಯೆಳೆ ಅಂಟಿಸಿದ್ದೆ,
ಅಂಗುಲಕ್ಕೊಂದು.
ಕೋನ ಎಂಟು, ಒಂಬತ್ತು: ಎಣ್ಣೆ ಹಚ್ಚಿ ಬಾಚಿದ ಕೂದಲು.
ಹನ್ನೆರಡು: ತುದಿಯಲ್ಲಿ ಸಣ್ಣ ಚಡಪಡಿಕೆ.
ಹದಿಮೂರಕ್ಕೆ ಎಲ್ಲವೂ ಒಟ್ಟಿಗೆ ನಿಮಿರಿದವು,
ನಾಯಿ ಕಂಡ ಬೆಕ್ಕಿನ ಬೆನ್ನು.
ಗಾಳಿ ಅಲಗಿನ ಕೈಬಿಟ್ಟ ಗಳಿಗೆ ಅದು.
ಹದಿಮೂರು ಎಂದು ಬರೆದು ಅಡಿಗೆರೆ ಎಳೆದೆ.
ಎಳೆಗಳನ್ನು ಕಿತ್ತು ಡಬ್ಬಿಯಲ್ಲಿಟ್ಟೆ,
ಯಾಕೋ ತಿಳಿಯದು.

ಲ್ಯಾಬಿನ ಗಾಳಿಗೆ ಉಪ್ಪಿರಲಿಲ್ಲ.
ಉಪ್ಪು ತಿಂದವರು ನೀರು ಕುಡಿಯಬೇಕಂತೆ;
ಎರಡನ್ನೂ ಮಾಡಿದ ನನ್ನ ಬೋಲ್ಟುಗಳು
ಮೂರೇ ತಿಂಗಳಿಗೆ ಬಿಸ್ಕತ್ತಾದವು.
ಒತ್ತಡ ಅಳೆಯುವ ಕೊಳವೆಯಲ್ಲಿ
ಏಡಿಮರಿಯೊಂದು ಸಂಸಾರ ಹೂಡಿತ್ತು.
ಅದರ ಕೈಕಾಲಾಟವನ್ನು ಹದಿನೇಳು ದಿನ
ಅಟ್ಲಾಂಟಿಕ್ಕಿನ ಮನಸ್ಸೆಂದು ಓದಿ
ಗ್ರಾಫು ಬರೆದವಳು ನಾನೇ.

ಗ್ವಾಲ್ತೆರ್‌ಗೆ ಈಗ ಎಂಬತ್ತೇಳು.
ಒಂದು ಕಾಲಕ್ಕೆ ಗುಡ್ಡದ ಕಾವಲುಗೂಡಿನಲ್ಲಿ ಕೂತು
ತಿಮಿಂಗಿಲದ ಉಸಿರು ಹುಡುಕುತ್ತಿದ್ದ.
ಎಡಕ್ಕೆ ವಾಲಿದ ಚಿಲುಮೆ ಕಂಡರೆ
ಬಾಣ ಹಾರಿಸಿ ಕೆಳಗೆ ದೋಣಿ ಇಳಿಸುತ್ತಿದ್ದ.
ಬೇಟೆ ನಿಂತಿತು, ಕಣ್ಣಿಗೆ ಪೊರೆ ಬಂತು.
ಸಂಜೆಗೆ ನನ್ನ ಪೆಟ್ಟಿಗೆಯ ಗೋಡೆಗೆ ಒರಗುತ್ತಾನೆ.
‘ಇದೂ ಅದೇ ಜಾತಿ, ಮಗಳೇ.
ಮುಳುಗಲು ಬಾರದು, ಅಷ್ಟೇ.’

ಫೆಬ್ರವರಿಯ ಆ ರಾತ್ರಿ
ಕವಾಟ ತೆರೆ ಅಂದ.
ಪರದೆಯ ಮೇಲೆ ಎಲ್ಲ ಹಸಿರು.
ನಾನು ಅಂಕಿ ನೋಡಿದೆ,
ಮುದುಕನ ಮುಖ ನೋಡಲಿಲ್ಲ.
ತೆರೆ, ಅಂದ ಮತ್ತೆ.
ಆಮೇಲೆ ಬಂತು ಅದು. ಎಂಟು ಅಲಗೂ ಒಟ್ಟಿಗೆ
ಗಾಳಿಯ ಹಿಡಿತ ತಪ್ಪಿ ಕಿರುಚಿದವು,
ಊರಿನ ನಾಯಿಗಳೆಲ್ಲ ಎದ್ದವು,
ಐದನೆಯ ಅಲಗು ಬುಡದಲ್ಲಿ ಸೀಳಿತು.

ಹೇಗೆ ತಿಳಿಯಿತು ಎಂದು ಕೇಳಿದ್ದು ಮರುದಿನ,
ಕೈಗೆಲ್ಲ ಗ್ರೀಸು ಹತ್ತಿದ ಮೇಲೆ.
‘ದೊಡ್ಡದಾಗಿ ಬಿಡುವ ಮೊದಲು
ಯಾವ ಪ್ರಾಣಿಯೂ ದೊಡ್ಡದಾಗಿ ಎಳೆದುಕೊಳ್ಳುತ್ತದೆ.
ನೀನು ಬಿಡುವುದನ್ನಷ್ಟೇ ಎಣಿಸುತ್ತೀಯ.’

ದಾಖಲೆ ತೆಗೆದು ನೋಡಿದೆ.
ಏಳೂವರೆ ಸೆಕೆಂಡಿನ ಒಳಗಾಳಿ,
ಉಳಿದ ದಿನಗಳ ಒಂದೂವರೆ ಪಟ್ಟು.
ಸಮಾನ ಕೆನ್ನೆಯ ಅಲಗು ಕಡೆದ ನಾನು
ಕವಾಟಕ್ಕೆ ಒಂದು ಕಿವಿ ಮಾತ್ರ ಕೊಟ್ಟಿದ್ದೆ.

ಈಗ ಹೊಳ್ಳೆಯ ಜಾಲರಿಗೆ ಅಮ್ಮನ ಉಣ್ಣೆಯ ಎಳೆಯೊಂದನ್ನು ಕಟ್ಟಿದ್ದೇನೆ.
ಉಪಕರಣಗಳ ಪಟ್ಟಿಯಲ್ಲಿ ಅದಿಲ್ಲ.
ಒಳಗೆ, ಹೊರಗೆ, ಒಳಗೆ.
ಅದು ಒಳಗೇ ಹೆಚ್ಚು ಹೊತ್ತು ನಿಂತರೆ
ನನ್ನ ಕೈ ತಾನಾಗಿ ಕವಾಟದತ್ತ ಹೋಗುತ್ತದೆ.

ಇವತ್ತು ಹತ್ತೊಂಬತ್ತು ಕಿಲೋವ್ಯಾಟ್, ಸರಾಸರಿ.
ಜುಲ್ಮೀರಾಳ ಬೀದಿಗೆ ಸಾಕು ಎಂದೆ.
ಅವಳು ಬೆಂಕಿಕಡ್ಡಿ ಗೀರಿ
ಗ್ಯಾಸಿನ ಮೇಲೆ ಮೀನು ಇಟ್ಟಳು.